ಉಡುಪಿಯಂಥ ಊರಿನ ನಗರಸಭೆ: ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಅರ್ಜಿ ಬರೆಸಿಕೊಳ್ಳಲು ಮನೆಗೆ ಬರುವವರು, ದಿನಸಿ ಅಂಗಡಿಯ ಎದುರು ನಿಲ್ಲಿಸಿ ಮಾತಿಗೆಳೆಯುವವರು, ಬೆಳಗಾಗುವ ಮೊದಲೇ ಮೊಬೈಲಿಗೆ ಹೊಂಡದ ಫೋಟೋ ಕಳಿಸುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಉಡುಪಿಯವು. ಕಾನೂನು ಮಾತ್ರ ಮಂಡ್ಯಕ್ಕೂ ಚಿಕ್ಕಮಗಳೂರಿಗೂ ಶಿರಸಿಗೂ ಒಂದೇ.

## ಮೊದಲಿಗೆ ಇಷ್ಟು

ನಗರಸಭೆ, ಪುರಸಭೆ, ಪಟ್ಟಣ ಪಂಚಾಯತ್ — ಎಲ್ಲ ಒಂದೇ ಅಲ್ವಾ?

ಕೆಲಸ ಹೆಚ್ಚುಕಡಿಮೆ ಒಂದೇ, ಗಾತ್ರ ಬೇರೆ. ಜನಸಂಖ್ಯೆ 10 ಸಾವಿರದಿಂದ 20 ಸಾವಿರವಿದ್ದರೆ ಪಟ್ಟಣ ಪಂಚಾಯತ್, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರಾಚೆ ಮಹಾನಗರಪಾಲಿಕೆ. ನಮ್ಮ ಜಿಲ್ಲೆಯಲ್ಲೇ ನೋಡಿ: ಉಡುಪಿ ನಗರಸಭೆ, 35 ವಾರ್ಡು. ಕಾರ್ಕಳ, ಕುಂದಾಪುರ, ಕಾಪು ಪುರಸಭೆಗಳು. ಸಾಲಿಗ್ರಾಮ ಪಟ್ಟಣ ಪಂಚಾಯತ್. ಈ ಮೂರು ಬಗೆಯವೂ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ಮಂಗಳೂರಿನಂಥ ಪಾಲಿಕೆಗಳಿಗೆ 1976ರ ಬೇರೆಯೇ ಕಾಯ್ದೆ ಇದೆ. ಆದ್ದರಿಂದ ಮಂಗಳೂರಿನ ಭಾವ ಹೇಳಿದ ನಿಯಮ ನಿಮ್ಮ ಊರಿಗೆ ಹೊಂದದಿದ್ದರೆ ಗಾಬರಿ ಬೇಡ.

ಅಧ್ಯಕ್ಷರು ದೊಡ್ಡವರೋ, ಪೌರಾಯುಕ್ತರೋ?

ಅಧ್ಯಕ್ಷರು ಸಭೆ ನಡೆಸುತ್ತಾರೆ, ಸದಸ್ಯರ ಸಭೆ ನಿರ್ಣಯ ಮಾಡುತ್ತದೆ. ಅದನ್ನು ಜಾರಿಗೆ ತರುವವರು ಸರ್ಕಾರ ನೇಮಿಸಿದ ಪೌರಾಯುಕ್ತರು. ಕಡತಕ್ಕೆ ಸಹಿ, ಬಿಲ್ಲಿಗೆ ಹಣ, ನೌಕರರ ಮೇಲಿನ ಹಿಡಿತ ಎಲ್ಲ ಅವರದೇ. ಪುರಸಭೆಯಲ್ಲೂ ಪಟ್ಟಣ ಪಂಚಾಯತಿನಲ್ಲೂ ಇದೇ ಕುರ್ಚಿಗೆ ಮುಖ್ಯಾಧಿಕಾರಿ ಎಂಬ ಹೆಸರು. ಆ ವ್ಯಾಪ್ತಿಯ ಶಾಸಕರು, ಸಂಸದರೂ ಸಭೆಯ ಸದಸ್ಯರೇ, ಅವರಿಗೆ ಮತವೂ ಇದೆ. ಅಧ್ಯಕ್ಷರ ಚುನಾವಣೆಯ ದಿನ ಎಂಪಿ ಕಾರು ನಗರಸಭೆಯ ಅಂಗಳಕ್ಕೆ ಬರುವುದು ಅದಕ್ಕೇ. ಸರ್ಕಾರದಿಂದ ನಾಮಕರಣಗೊಂಡವರು ಮಾತಾಡಬಹುದು, ಮತ ಹಾಕುವಂತಿಲ್ಲ.

ಅರ್ಜಿ ಬರೆಯುವಾಗ ಪೌರಾಯುಕ್ತರ ಹೆಸರಿಗೇ ಬರೆಯಿರಿ. ಪ್ರತಿಯೊಂದನ್ನು ವಾರ್ಡಿನ ಸದಸ್ಯರಿಗೆ ಕೊಡಿ.

ಗೆದ್ದ ಸದಸ್ಯರಿದ್ದರೂ ಆಡಳಿತವೇ ಇಲ್ಲ ಅಂತಾರಲ್ಲ, ಅದು ಹೇಗೆ?

ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಪ್ರತಿ ಅವಧಿಗೂ ಮೀಸಲಾತಿ ಪಟ್ಟಿ ಬದಲಾಗುತ್ತದೆ. ಪಟ್ಟಿ ಬಂದ ಕೂಡಲೇ ಯಾರಾದರೊಬ್ಬರು ಕೋರ್ಟಿಗೆ ಹೋಗುತ್ತಾರೆ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆಯಾಯಿತು. ಗೆದ್ದವರು ಅಧ್ಯಕ್ಷರನ್ನು ಆರಿಸಿ ಅಧಿಕಾರ ಹಿಡಿಯುವಾಗ 2020 ಮುಗಿಯುತ್ತ ಬಂದಿತ್ತು. ನಡುವಿನ ಎರಡು ವರ್ಷ ಆಡಳಿತಾಧಿಕಾರಿಯದೇ ಕಾರುಬಾರು. ಹಾರ ಹಾಕಿಸಿಕೊಂಡ ಸದಸ್ಯ ತನ್ನ ವಾರ್ಡಿನ ಬಲ್ಬು ಬದಲಿಸಲೂ ಅಧಿಕಾರಿಯನ್ನೇ ಬೇಡಬೇಕಾಯಿತು. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಹೇಳುವುದು ಹೇಳುತ್ತದೆ, ಅಷ್ಟೆ.

## ರಸ್ತೆ

ನಮ್ಮ ರಸ್ತೆಯ ಹೊಂಡ ಮುಚ್ಚುವುದು ಯಾರು ಮಾರಾಯ್ರೇ?

ಈ ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ಸಲೀಸು. ರಸ್ತೆ ಯಾರದೆಂದು ಮೊದಲು ತಿಳಿದುಕೊಳ್ಳಿ. ಊರಿನೊಳಗೆ ಇರುವ ರಸ್ತೆಯೆಲ್ಲ ನಗರಸಭೆಯದಲ್ಲ.

ಉಡುಪಿಯನ್ನೇ ತೆಗೆದುಕೊಳ್ಳಿ. ಸಂತೆಕಟ್ಟೆ, ಅಂಬಲಪಾಡಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಅದರ ಸರ್ವಿಸ್ ರಸ್ತೆಯೂ ಸೇರಿ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಮಲ್ಪೆಯಿಂದ ಹೊರಟು ಕಲ್ಸಂಕ, ಇಂದ್ರಾಳಿ, ಮಣಿಪಾಲ, ಪರ್ಕಳ ದಾಟಿ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುವುದು 169ಎ. ಅದೂ ರಾಷ್ಟ್ರೀಯ ಹೆದ್ದಾರಿಯೇ, ಆದರೆ ನೋಡಿಕೊಳ್ಳುವುದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ಇಂದ್ರಾಳಿ ರೈಲ್ವೆ ಸೇತುವೆ ಕೆಲಸ ವರ್ಷಗಟ್ಟಲೆ ಎಳೆಯುವಾಗ ಜನ ನಗರಸಭೆಗೆ ಹಿಡಿಶಾಪ ಹಾಕಿದರು. ಕೆಳಗೆ ರೈಲು, ಮೇಲೆ ಹೆದ್ದಾರಿ. ಅದರಲ್ಲಿ ನಗರಸಭೆಯದು ಒಂದು ಬುಟ್ಟಿ ಜಲ್ಲಿಯೂ ಇರಲಿಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿಯವು. ಉಳಿದ ಒಳರಸ್ತೆ, ಅಡ್ಡರಸ್ತೆ, ಪೇಟೆಯ ಬೀದಿಗಳು ನಗರಸಭೆಯವು.

ಗುರುತಿಸುವ ಸುಲಭ ದಾರಿ ಕಿಲೋಮೀಟರ್ ಕಲ್ಲು. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲೇ ಇಲ್ಲದಿದ್ದರೆ ಹೆಚ್ಚಾಗಿ ನಗರಸಭೆಯದು, ಇಲ್ಲವೇ ಯಾರದೂ ಅಲ್ಲ (ಲೇಔಟಿನ ಪ್ರಶ್ನೆ ಮುಂದಿದೆ).

ನಾನೇ ಹಿಂದೆ ಇದ್ದ ಊರಲ್ಲಿ ಮನೆ ಎದುರಿನ ಹೊಂಡಕ್ಕೆ ಮೂರು ತಿಂಗಳು ಸ್ಥಳೀಯ ಸಂಸ್ಥೆಗೆ ಅಲೆದಿದ್ದೇನೆ. ಪ್ರತಿ ಸಲವೂ ಜೆ.ಇ. (ಕಿರಿಯ ಇಂಜಿನಿಯರ್) "ನೋಡ್ತೇವೆ" ಎನ್ನುತ್ತಿದ್ದರು. ಕೊನೆಗೆ ಅಲ್ಲಿನ ಜವಾನನೇ ಕರೆದು, "ಅದು ಪಿಡಬ್ಲ್ಯುಡಿ ರಸ್ತೆ ಸ್ವಾಮಿ, ಇಲ್ಲಿ ಯಾಕೆ ಬರ್ತೀರಿ?" ಎಂದ. ಆ ಜೆ.ಇ.ಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬಿಲ್ಲ.

ಮಳೆಗಾಲದಲ್ಲಿ ಜಲ್ಲಿಹುಡಿ ಸುರಿದು ಹೋಗ್ತಾರೆ, ಮರುದಿನ ಅದೇ ಹೊಂಡ. ಡಾಮರು ಯಾಕೆ ಹಾಕೋದಿಲ್ಲ?

ಹಾಕಿದರೂ ನಿಲ್ಲುವುದಿಲ್ಲ. ಒದ್ದೆ ನೆಲಕ್ಕೆ ಬಿಸಿ ಡಾಮರು ಹಿಡಿಯುವುದೇ ಇಲ್ಲ. ಉಡುಪಿಯ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಾಗಾಗಿ ಆ ನಾಲ್ಕು ತಿಂಗಳು ಕಾಟಾಚಾರದ ಜಲ್ಲಿ, ವೆಟ್‌ಮಿಕ್ಸ್ (ನೀರು ಬೆರೆಸಿದ ಜಲ್ಲಿಮಿಶ್ರಣ) ಅಷ್ಟೇ ಗತಿ. ನಿಜವಾದ ತಪ್ಪು ನಡೆಯುವುದು ಅದಕ್ಕೆ ಮುಂಚೆ. ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಮೇ ತನಕ ಸಿಗುವ ಅವಧಿಯಲ್ಲಿ ಅರ್ಧ ಟೆಂಡರಿಗೆ ಹೋಗುತ್ತದೆ. ಚುನಾವಣೆಯ ನೀತಿಸಂಹಿತೆ ಬಂತೆಂದರೆ ಹೊಸ ಕೆಲಸ ಆರಂಭಿಸುವಂತಿಲ್ಲ. ಕಡೆಗೆ ಮೇ ಮೂರನೇ ವಾರ ಮೋಡ ಕವಿದಿರುವಾಗ ರೋಲರ್ ಓಡಾಡುತ್ತದೆ.

ಇನ್ನೊಂದು ವಿಷಯ: ಹೊಂಡ ಮಾಡುವುದು ಗಾಡಿಗಳಿಗಿಂತ ಹೆಚ್ಚಾಗಿ ನೀರು. ರಸ್ತೆ ಬದಿಯ ತೋಡು ಕಸದಿಂದ ಕಟ್ಟಿಕೊಂಡು ನೀರು ಡಾಮರಿನ ಮೇಲೆ ಹರಿಯತೊಡಗಿದರೆ ಎಂಥ ರಸ್ತೆಯೂ ಏಳುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಹೊಂಡಕ್ಕಿಂತ ಮೊದಲು ತೋಡಿನ ಹೂಳು ತೆಗೆಯಲು ಅರ್ಜಿ ಕೊಡಿ.

ಹೊಸ ಕಾಂಕ್ರೀಟು ಹಾಕಿದ ತಿಂಗಳಿಗೇ ಪೈಪಿಗೆ ಅಗೀತಾರೆ. ಮೊದಲೇ ಮಾತಾಡ್ಕೊಳ್ಳೋಕೆ ಆಗೋದಿಲ್ವಾ?

ಆಗುತ್ತದೆ, ಮಾಡುವುದಿಲ್ಲ. ಕುಡಿಯುವ ನೀರಿನ ದೊಡ್ಡ ಕೊಳವೆ, ಒಳಚರಂಡಿ ಕೆಲಸಗಳು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಮೂಲಕವೋ ಬೇರೆ ಯೋಜನೆಯ ಮೂಲಕವೋ ಬರುತ್ತವೆ. ಅವರ ಟೆಂಡರು, ಅವರ ಗುತ್ತಿಗೆದಾರ, ಅವರ ಗಡುವು ಬೇರೆ. ದೂರವಾಣಿ ಕೇಬಲ್, ಗ್ಯಾಸ್ ಕೊಳವೆಯವರು ಅಗೆಯುವ ಮೊದಲು ನಗರಸಭೆಯ ಅನುಮತಿ ಪಡೆದು, ರಸ್ತೆ ಸರಿಪಡಿಸುವ ಖರ್ಚು ಕಟ್ಟಬೇಕು. ಕಟ್ಟುತ್ತಾರೆ. ಆ ಹಣ ಬೇರೆ ಖರ್ಚಿಗೆ ಹೋಗಿ, ಅಗೆದ ಗೆರೆಯ ಮೇಲೆ ಮಣ್ಣು ಮಾತ್ರ ಉಳಿಯುತ್ತದೆ. ನಿಮ್ಮ ಬೀದಿಯಲ್ಲಿ ಹಾರೆ ಸದ್ದು ಕೇಳಿದರೆ ಹೋಗಿ ಅನುಮತಿ ಪತ್ರ ಕೇಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಸರಿಪಡಿಸಿ ಎಂಬ ಅರ್ಜಿಗೆ ಅದೇ ಬಲ.

ನಮ್ಮ ಲೇಔಟಿಗೆ ರಸ್ತೆ, ಚರಂಡಿ ಕೇಳಿದರೆ "ನಮಗೆ ಹಸ್ತಾಂತರ ಆಗಿಲ್ಲ" ಅಂತಾರೆ. ಹಾಗಂದ್ರೆ?

ಖಾಸಗಿಯವರು ಲೇಔಟ್ ಮಾಡಿದಾಗ ರಸ್ತೆ, ಚರಂಡಿ, ನೀರು, ದೀಪ ಎಲ್ಲ ಅವರೇ ಮಾಡಿ, ಪಾರ್ಕು ಮತ್ತು ನಾಗರಿಕ ಸೌಲಭ್ಯದ ಜಾಗ ಬಿಟ್ಟು, ಆಮೇಲೆ ಎಲ್ಲವನ್ನೂ ನಗರಸಭೆಗೆ ಬರೆದುಕೊಡಬೇಕು. ಅದೇ ಹಸ್ತಾಂತರ. ಸೈಟು ಮಾರಿ ದುಡ್ಡು ಎಣಿಸಿಕೊಂಡವನಿಗೆ ಚರಂಡಿಯ ನೆನಪು ಎಲ್ಲಿರುತ್ತದೆ? ಹಸ್ತಾಂತರವಾಗದ ರಸ್ತೆಗೆ ನಗರಸಭೆ ಹಣ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. ಆದ್ದರಿಂದ ಅವರು ಹೇಳುವುದು ಪೂರ್ತಿ ನೆಪವಲ್ಲ. ಲೇಔಟಿಗೆ ಅನುಮೋದನೆ ಕೊಟ್ಟ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಅನುಮೋದಿತ ನಕ್ಷೆಯ ಪ್ರತಿ ತೆಗೆಸಿ. ಪಾರ್ಕಿನ ಜಾಗದಲ್ಲಿ ಯಾರದೋ ಕಾಂಪೌಂಡ್ ಎದ್ದಿದೆಯೇ ಎಂಬುದೂ ಆಗಲೇ ಗೊತ್ತಾಗುವುದು. ಆಮೇಲೆ ನಿವಾಸಿಗಳೆಲ್ಲ ಒಟ್ಟಾಗಿ ಪ್ರಾಧಿಕಾರಕ್ಕೂ ನಗರಸಭೆಗೂ ಬರೆಯಬೇಕು. ಒಬ್ಬೊಬ್ಬರೇ ಹೋದರೆ ಏನೂ ಆಗುವುದಿಲ್ಲ, ನಾನು ನೋಡಿದ್ದೇನೆ.

## ನೀರು, ತೋಡು, ಕಸ, ದೀಪ

ಇಷ್ಟು ಮಳೆ ಬರುವ ಊರಲ್ಲಿ ಏಪ್ರಿಲಿಗೆ ನೀರಿಲ್ಲ ಅಂದ್ರೆ ನಾಚಿಕೆ ಅಲ್ವಾ?

ಉಡುಪಿಗೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಅದು ದೊಡ್ಡ ಜಲಾಶಯವಲ್ಲ, ಹರಿವ ಹೊಳೆಗೆ ಹಾಕಿದ ಕಿರು ಅಣೆಕಟ್ಟು. ಒಳಹರಿವು ನಿಂತ ಮೇಲೆ ಕಟ್ಟಿನ ಹಿಂದೆ ಇರುವಷ್ಟೇ ನೀರು. 2019ರ ಬೇಸಿಗೆಯಲ್ಲಿ ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಹಾಕಿ ಎತ್ತಿ, ವಾರ್ಡುವಾರು ಸರದಿಯಲ್ಲಿ ಬಿಟ್ಟರು. ಆಗ ಗುಡ್ಡದ ಮೇಲಿನ ಮನೆಯವರು ಅನುಭವಿಸಿದ್ದು ಅವರಿಗೇ ಗೊತ್ತು. ವಾರಾಹಿಯಿಂದ ಕೊಳವೆ ಹಾಕಿದ ಯೋಜನೆ ಬಂದದ್ದು ಈ ಕಾರಣಕ್ಕೆ. ಮಳೆ ಹೆಚ್ಚು ಬೀಳುವುದು ಬೇರೆ, ನೀರು ನಿಲ್ಲುವುದು ಬೇರೆ. ಜಂಬಿಟ್ಟಿಗೆ ನೆಲದಲ್ಲಿ ಇಂಗಿದ್ದು ಬೇಗ ಇಳಿದು ಕಡಲು ಸೇರುತ್ತದೆ.

ಮಳೆ ಜೋರಾದರೆ ಕಲ್ಸಂಕದ ಹತ್ತಿರ ನೀರು ನುಗ್ಗೋದು ಯಾಕೆ?

ಅಲ್ಲಿ ಹರಿಯುವುದು ಇಂದ್ರಾಣಿ. ಹೆಸರಿಗೆ ನದಿ, ಪೇಟೆಯೊಳಗೆ ಅದು ಎರಡು ಗೋಡೆಯ ನಡುವಿನ ತೋಡು. ಮೇಲಿನ ಮಣಿಪಾಲ ಗುಡ್ಡದ ಇಳಿಜಾರಿನ ನೀರೆಲ್ಲ ಕೆಳಗಿಳಿಯುತ್ತದೆ. ಹಿಂದೆ ಗದ್ದೆಗಳು ಅದನ್ನು ಹಿಡಿದಿಡುತ್ತಿದ್ದವು. ಗದ್ದೆಗೆ ಮಣ್ಣು ತುಂಬಿ ಕಟ್ಟಡ ಎದ್ದ ಮೇಲೆ ನೀರಿಗೆ ಉಳಿದದ್ದು ರಸ್ತೆ ಮತ್ತು ನಿಮ್ಮ ಅಂಗಳ. 2020ರ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಳೆಗೆ ಬೈಲಕೆರೆ, ಮಠದಬೆಟ್ಟು ಕಡೆಯ ಮನೆಗಳಿಗೆ ನೀರು ನುಗ್ಗಿ ದೋಣಿ ತರಬೇಕಾಯಿತು. ತೋಡಿನ ಗೋಡೆ ಎತ್ತರಿಸಿದರೆ ಸಾಲದು. ಕಟ್ಟಡ ಪರವಾನಿಗೆ ಕೊಡುವ ಮೇಜಿನ ಮೇಲೆ ಈ ಪ್ರಶ್ನೆ ಇತ್ಯರ್ಥವಾಗಬೇಕು.

ಬೀದಿದೀಪ ಕೆಟ್ಟರೆ ಮೆಸ್ಕಾಂಗೆ ಫೋನ್ ಮಾಡೋದಾ?

ಕಂಬ, ತಂತಿ ಕರೆಂಟು ಕಂಪನಿಯಾದ ಮೆಸ್ಕಾಂನದು. ಬಲ್ಬು ನಗರಸಭೆಯದು, ಅದರ ಕರೆಂಟು ಬಿಲ್ಲೂ ನಗರಸಭೆಯದೇ. ದೂರು ಕೊಡುವಾಗ ಕಂಬದ ಸಂಖ್ಯೆ ಹೇಳಿ. "ದೇವಸ್ಥಾನದ ಎದುರಿನ ದೀಪ" ಎಂದರೆ ಏಣಿಯವರು ಬೇರೆ ದೇವಸ್ಥಾನಕ್ಕೆ ಹೋಗುತ್ತಾರೆ.

ಕಸದ ಗಾಡಿಯವರು ನಮ್ಮ ಬಕೆಟು ನೋಡಿ ತಗೊಳ್ಳದೆ ಹೋದರು. ದುಡ್ಡು ಕೊಡ್ತೇವಲ್ಲ?

ಹಸಿ, ಒಣ ಬೇರೆ ಮಾಡದಿದ್ದರೆ ತಿರಸ್ಕರಿಸುವುದು ಸರಿಯಾದ ಕ್ರಮವೇ. ಊರಿನ ಕಸ ಕೊನೆಗೆ ಹೋಗಿ ಸೇರುವುದು ಕರ್ವಾಲಿನ ಘಟಕಕ್ಕೆ. ಅಲ್ಲೂ ಸುತ್ತಮುತ್ತ ಮನೆಗಳಿವೆ. ಬೆರೆತ ಕಸವನ್ನು ಕೈಯಲ್ಲಿ ಆರಿಸುವ ಪೌರಕಾರ್ಮಿಕರ ಬೆರಳಿಗೆ ನಿಮ್ಮ ಮನೆಯ ಒಡೆದ ಗಾಜು ಚುಚ್ಚುತ್ತದೆ. ಈ ಪ್ರಶ್ನೆಯಲ್ಲಿ ನಾನು ಗಾಡಿಯವರ ಪಕ್ಷ.

## ತೆರಿಗೆ, ಖಾತಾ

ತೆರಿಗೆ ಕಟ್ಟಿದ್ದು ಸಾವಿರ, ರಶೀದಿಯಲ್ಲಿ ಇಷ್ಟು ಹೆಚ್ಚು ಯಾಕೆ?

ಉಪಕರಗಳು. ಆಸ್ತಿ ತೆರಿಗೆ 1000 ರೂಪಾಯಿ ಇದ್ದರೆ ಆರೋಗ್ಯ ಉಪಕರ 150, ಗ್ರಂಥಾಲಯ ಉಪಕರ 60, ಭಿಕ್ಷುಕರ ಉಪಕರ 30. ಈ ಮೂರೇ 240 ಆಯಿತು. ಕಸ ವಿಲೇವಾರಿಯ ಶುಲ್ಕ ಬೇರೆ. ಗ್ರಂಥಾಲಯದ ಹಣ ಗ್ರಂಥಾಲಯ ಇಲಾಖೆಗೆ, ಭಿಕ್ಷುಕರ ಉಪಕರ ನಿರಾಶ್ರಿತರ ಪರಿಹಾರದ ಸಮಿತಿಗೆ ಹೋಗಬೇಕು. ವಸೂಲಿ ಮಾಡುವುದಷ್ಟೇ ನಗರಸಭೆ. ಅದಕ್ಕೇ ಲೈಬ್ರರಿಯ ಸೋರುವ ಹಂಚಿಗೆ ನಗರಸಭೆಯವರನ್ನು ಬೈದು ಪ್ರಯೋಜನವಿಲ್ಲ. ಉಪಕರ ಪೂರ್ತಿ ಪಾವತಿಯಾಗಿದೆಯೇ ಎಂದು ಕೇಳಬಹುದು, ಅದು ಒಳ್ಳೆಯ ಪ್ರಶ್ನೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಖಾಲಿ ನಿವೇಶನಕ್ಕೂ ತೆರಿಗೆ ಇದೆ, ಅನೇಕರು ಮಾರುವ ದಿನದವರೆಗೂ ಮರೆತಿರುತ್ತಾರೆ.

ನಮ್ಮ ಹತ್ರ ಪಂಚಾಯತಿನ 9/11 ಉಂಟು. ಈಗ ನಗರಸಭೆಗೆ ಸೇರಿದೆ. ಎ ಖಾತಾ ಸಿಗ್ತದಾ, ಬಿ ಖಾತಾನಾ?

9 ಮತ್ತು 11 ಗ್ರಾಮ ಪಂಚಾಯತಿನ ನಮೂನೆಗಳು. ನಗರದಲ್ಲಿ ಅವುಗಳ ಜಾಗಕ್ಕೆ ಇ-ಆಸ್ತಿ ತಂತ್ರಾಂಶದ ಇ-ಖಾತಾ ಬಂದಿದೆ. ಅದಿಲ್ಲದೆ ಈಗ ನೋಂದಣಿಯೂ ಆಗುವುದಿಲ್ಲ. ಭೂ ಪರಿವರ್ತನೆ, ಲೇಔಟ್ ಅಥವಾ ಏಕನಿವೇಶನ ಅನುಮೋದನೆ ಸರಿಯಿದ್ದರೆ ಎ ಖಾತಾ. ನೋಂದಾಯಿತ ಪತ್ರವಿದ್ದೂ ಅನುಮೋದನೆ ಇಲ್ಲದಿದ್ದರೆ ಬಿ ಖಾತಾ. 2025ರ ಫೆಬ್ರುವರಿಯಲ್ಲಿ ಸರ್ಕಾರ ಇದಕ್ಕೆಂದೇ ಅಭಿಯಾನ ಆರಂಭಿಸಿತು. ಬಿ ಖಾತಾಕ್ಕೆ ಮೊದಲ ಸಲ ದುಪ್ಪಟ್ಟು ತೆರಿಗೆ ಕಟ್ಟಬೇಕು. ಒಂದು ಮಾತು ನೆನಪಿಡಿ: ಎ ಆಗಲಿ ಬಿ ಆಗಲಿ, ಖಾತಾ ಎಂದರೆ ತೆರಿಗೆ ಯಾರು ಕಟ್ಟಬೇಕೆಂಬ ದಾಖಲೆ. ಅದು ಹಕ್ಕುಪತ್ರವಲ್ಲ. "ಬಿ ಖಾತಾ ಮಾಡಿಸಿದರೆ ಸಕ್ರಮ ಆದಂತೆ" ಎನ್ನುವ ಬ್ರೋಕರನ ಮಾತು ನಂಬಬೇಡಿ.

## ಒಳಹೊಕ್ಕು ನೋಡುವವರಿಗೆ

ಕೋಟಿಗಟ್ಟಲೆ ಅನುದಾನ ಬಂತು ಅಂತ ಪೇಪರಿನಲ್ಲಿ ಬರ್ತದೆ. ನಮ್ಮ ಅರ್ಧ ಕಿಲೋಮೀಟರ್ ರಸ್ತೆಗೆ ದುಡ್ಡಿಲ್ಲ ಅಂತಾರೆ. ಎಲ್ಲಿ ಹೋಗ್ತದೆ?

ಕದ್ದುಹೋಯಿತು ಎನ್ನುವ ಮೊದಲು ಆ ಹಣಕ್ಕೆ ಕಟ್ಟಿದ ಹಗ್ಗ ನೋಡಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಶೇ. 40ರಲ್ಲಿ ಮಾತ್ರ ರಸ್ತೆಯಂಥ ಕೆಲಸಕ್ಕೆ ಅವಕಾಶ. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ, ಜನ ಎಸ್‌ಎಫ್‌ಸಿ ಎನ್ನುವುದು ಇದನ್ನೇ, ಶೇ. 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಎತ್ತಿಡಬೇಕು. ಇದು ಸರಿಯಾಗಿಯೇ ಇದೆ, ಆ ಪಾಲನ್ನು ಬೇರೆ ಕೆಲಸಕ್ಕೆ ತಿರುಗಿಸುವುದೇ ತಪ್ಪು. ರಾಜ್ಯದ ನಗರೋತ್ಥಾನ, ಕೇಂದ್ರದ ಅಮೃತ್ ಯೋಜನೆಗಳ ಹಣವೂ ಮಂಜೂರಾದ ಪಟ್ಟಿಯ ಹೊರಗೆ ಹೋಗುವಂತಿಲ್ಲ. ಕೊನೆಗೆ ನಗರಸಭೆ ತನ್ನ ಇಚ್ಛೆಯಂತೆ ಖರ್ಚು ಮಾಡಬಹುದಾದದ್ದು ನಮ್ಮ ತೆರಿಗೆ, ಅಂಗಡಿ ಬಾಡಿಗೆ, ಪರವಾನಿಗೆ ಶುಲ್ಕ. ಅದರಲ್ಲೇ ಹೊರಗುತ್ತಿಗೆ ಸಂಬಳ, ಪಂಪ್‌ಹೌಸಿನ ಕರೆಂಟು, ಡೀಸೆಲ್. ನಗರಸಭೆಯ ಮಳಿಗೆಯನ್ನು ಹಳೆಯ ಬಾಡಿಗೆಗೆ ಹಿಡಿದು ಒಳಬಾಡಿಗೆಗೆ ಕೊಟ್ಟಿರುವವರು ಯಾರೆಂದು ಕೇಳಿ ನೋಡಿ. ನಿಮ್ಮ ರಸ್ತೆಯ ದುಡ್ಡಿನ ಒಂದು ಪಾಲು ಅಲ್ಲಿ ಕೂತಿರುತ್ತದೆ.

ಒಂದು ರಸ್ತೆ ಕೆಲಸ ಮಂಜೂರಾಗುವುದು ಹೇಗೆ? ನಾವು ಯಾವಾಗ ಬಾಯಿ ಹಾಕಬೇಕು?

ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ. ಕುರ್ಚಿಗಳು ಹೆಚ್ಚಾಗಿ ಖಾಲಿ ಇರುತ್ತವೆ, ಚಹಾ ಮಾತ್ರ ಖಾಲಿಯಾಗುತ್ತದೆ. ಬಾಯಿ ಹಾಕಬೇಕಾದದ್ದು ಅಲ್ಲಿ. ಆಮೇಲೆ ಕ್ರಿಯಾಯೋಜನೆಯಲ್ಲಿ ಕೆಲಸದ ಹೆಸರು ಸೇರಬೇಕು, ಅದಕ್ಕೆ ಮೇಲಿನಿಂದ ಅನುಮೋದನೆ ಬರಬೇಕು. ನಂತರ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ. ಕೆಲಸ ನಡೆದಂತೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್. ಪಟ್ಟಿಯಲ್ಲಿ ಹೆಸರಿಲ್ಲದ ಕೆಲಸವನ್ನು ಸದಸ್ಯರ ಕಾಲು ಹಿಡಿದರೂ ಆ ವರ್ಷ ಮಾಡಿಸಲಾಗದು. ಸಾಮಾನ್ಯ ಸಭೆಯ ನಡಾವಳಿಯಲ್ಲಿ "ಘಟನೋತ್ತರ ಮಂಜೂರಾತಿ" ಎಂಬ ಎರಡು ಪದ ಕಂಡರೆ ನಿಂತು ಓದಿ. ಮಾಡಿ ಮುಗಿಸಿದ ಮೇಲೆ ಒಪ್ಪಿಗೆ ಪಡೆಯುವುದು ಎಂದರ್ಥ. ಪ್ರವಾಹದ ಸಮಯಕ್ಕೆ ಅದು ಬೇಕು. ಸ್ವಾಗತ ಕಮಾನಿಗೆ ಬೇಕಾಗಿಲ್ಲ.

ಮೂರು ಅರ್ಜಿ ಕೊಟ್ಟೆ, ಉತ್ತರವೇ ಇಲ್ಲ. ಇನ್ನೇನು ಮಾಡೋದು?

ಸ್ವೀಕೃತಿ ತೆಗೆದುಕೊಂಡಿದ್ದೀರಾ? ಆವಕ ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು, ಸಂಖ್ಯೆ ಬೀಳದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲ. ಖಾತಾ, ಜನನ-ಮರಣ ಪ್ರಮಾಣಪತ್ರ, ಕಟ್ಟಡ ಪರವಾನಿಗೆಯಂಥವು ಸಕಾಲದ, ಅಂದರೆ ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಕಾಯ್ದೆಯ, ಅಡಿಯಲ್ಲಿ ಬರುತ್ತವೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ, ಆದರೆ ಅದು ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆ. ಹೊಂಡ, ಚರಂಡಿ ಸಕಾಲಕ್ಕೆ ಬರುವುದಿಲ್ಲ. ಅವಕ್ಕೆ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಹಳೆಯ ಮೂರು ಸ್ವೀಕೃತಿಗಳ ನಕಲು ಲಗತ್ತಿಸಿ ಬರೆಯಿರಿ.

ಕಳಪೆ ಕಾಮಗಾರಿ ಅಂತ ಕಣ್ಣಿಗೆ ಕಾಣ್ತದೆ. ಸಾಬೀತು ಮಾಡುವುದು ಹೇಗೆ?

ಬೈದರೆ ಆಗದು, ಅಳೆಯಬೇಕು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಆ ಕೆಲಸದ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಮೂರನೇ ವ್ಯಕ್ತಿ (ನಗರಸಭೆಯೂ ಗುತ್ತಿಗೆದಾರನೂ ಅಲ್ಲದ ಹೊರಗಿನವರು) ತಪಾಸಣೆಯ ವರದಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಕೊಡದಿದ್ದರೆ ಮೇಲ್ಮನವಿ. ಹೆಚ್ಚಿನವರಿಗೆ ಗೊತ್ತಿಲ್ಲದ್ದೊಂದಿದೆ: ಆ ಕಾಯ್ದೆ ಕಾಗದವನ್ನಷ್ಟೇ ಅಲ್ಲ, ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ದೋಷ ಕಂಡರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಎಷ್ಟೆಂದು ಕರಾರಿನಲ್ಲಿ ಬರೆದಿರುತ್ತದೆ. ಅದು ಮುಗಿಯುವುದರೊಳಗೆ ಬರೆಯಿರಿ.

ಹಿಂದಿನ ಊರಲ್ಲಿ ನಾನೂ ಪಕ್ಕದ ಮನೆಯ ನಿವೃತ್ತ ಇಂಜಿನಿಯರೂ ಒಂದು ಕಾಂಕ್ರೀಟು ರಸ್ತೆಯ ಕಾಗದ ತೆಗೆಸಿದೆವು. ಅಳತೆ ಪುಸ್ತಕದಲ್ಲಿ ದಪ್ಪ 15 ಸೆಂಟಿಮೀಟರ್. ನಳ್ಳಿ ಪೈಪಿಗೆಂದು ಯಾರೋ ಕತ್ತರಿಸಿದ ಜಾಗವೊಂದಿತ್ತು. ಅವರು ಪಂಚೆ ಎತ್ತಿ ಕಟ್ಟಿ ಕೂತು, ಮೊಮ್ಮಗಳ ಶಾಲೆಯ ಸ್ಕೇಲನ್ನು ಕತ್ತರಿಸಿದ ಅಂಚಿಗೆ ಹಿಡಿದರು. ಹನ್ನೊಂದು. ಒಂದಡಿ ಆಚೆ ಹಿಡಿದರು. ಹನ್ನೊಂದೂವರೆ. ಸ್ಕೇಲು ಕಾಣುವಂತೆ ಫೋಟೋ ತೆಗೆದು, ಪುಸ್ತಕದ ಪುಟದ ನಕಲಿನ ಜತೆ ಲಗತ್ತಿಸಿ ಕೊಟ್ಟೆವು. ಕೊನೆಯ ಬಿಲ್ ತಡೆದರು. ಇಪ್ಪತ್ತು ಮೀಟರ್ ಒಡೆದು ಮತ್ತೆ ಹಾಕಿದರು. ಉಳಿದದ್ದು ಹಾಗೇ ಉಂಟು.